ಗುಂಡಿಹಿತ್ಲ ಮೇಲೆ ಐವತ್ತು ಟನ್ ನೀರು

ಬೆಳಗಿನ ಆರು ಗಂಟೆ. ಶೀಳನೆರೆಯ ಹೊಸ ನೀರಿನ ಟ್ಯಾಂಕಿನ ಕೆಳಗೆ ಇಬ್ಬರು ನೀರು ತುಂಬಿದ ಪ್ಲಾಸ್ಟಿಕ್ ಪೈಪಿನ ಎರಡು ತುದಿ ಹಿಡಿದು ಬಗ್ಗಿ ನಿಂತಿದ್ದಾರೆ. ಒಂದು ತುದಿ ಇಪ್ಪತ್ತು ಹೆಜ್ಜೆ ಆಚೆಯ ಬಂಡೆಯ ಕೆಂಪು ಗುರುತಿಗೆ, ಇನ್ನೊಂದು ಟ್ಯಾಂಕಿನ ಕಂಬದ ಗುರುತಿಗೆ. ಎರಡೂ ಕಡೆ ನೀರು ಗುರುತಿಗೆ ಸರಿಯಾಗಿ ನಿಂತರೆ ಕಂಬ ಕುಸಿದಿಲ್ಲ. ಕಂಬಗಳು ಆರು. ಟ್ಯಾಂಕು ತುಂಬಿಸಿ ಇದು ಏಳನೇ ದಿನ. ಇವತ್ತೂ ಸರಿಯಿದ್ದರೆ ಊರಿನ ನಲ್ಲಿಗಳಿಗೆ ನೀರು.

"ಅಲ್ಲಾಡಿಸ್ಬೇಡಿ ಸಿದ್ದರಾಜು" ಎನ್ನುತ್ತಾರೆ ಕಂಬದ ಬಳಿಯ ಪೀರ್ ಅಹಮದ್.

"ನಾನೆಲ್ಲಿ ಅಲ್ಲಾಡಿಸ್ದೆ ಸಾಹೇಬ್ರೆ? ಎದೆ ಒಡ್ಕತಾ ಅದೆ, ಅದ್ಕೆ ಪೈಪು ಕುಣೀತದೆ."

ಸಿದ್ದರಾಜು ಗುತ್ತಿಗೆದಾರರು. ಅವರಿಗೆ ನಕ್ಷೆ, ಲೆಕ್ಕ ಮಾಡಿಕೊಡುವ ಡಿಸೈನ್ ಕನ್ಸಲ್ಟೆಂಟ್ ಪೀರ್ ಅಹಮದ್. ಇಂಥ ಟೆಂಡರಿನಲ್ಲಿ ಇಲಾಖೆ ಹೇಳುವುದು ಎರಡೇ ಮಾತು: ಐವತ್ತು ಸಾವಿರ ಲೀಟರು, ಹನ್ನೆರಡು ಮೀಟರು ಎತ್ತರ. ಕಂಬ ಎಷ್ಟು ದಪ್ಪ, ಪಾಯ ಎಷ್ಟು ಆಳ ಎಂಬುದೆಲ್ಲ ಗುತ್ತಿಗೆದಾರರ ತಲೆನೋವು. ಒಪ್ಪಿದ ಮೊತ್ತದೊಳಗೆ ಡಿಸೈನೂ ಅವರದೇ, ಕಟ್ಟುವುದೂ ಅವರದೇ. ಗುತ್ತಿಗೆದಾರರ ಬಳಿ ಮಿಕ್ಸರ್ ಇರುತ್ತದೆ, ಡಿಸೈನ್ ಇರುವುದಿಲ್ಲ. ಹೀಗಾಗಿ ಇನ್ನಷ್ಟು ಆಳ ತೋಡಿ ಎಂದು ಪೀರ್ ಅಹಮದ್ ಯಾರಿಗೆ ಹೇಳಬೇಕೋ, ಅವರೇ ಇವರಿಗೆ ಅನ್ನ ಹಾಕುವವರು.

ನಲವತ್ತೆಂಟರ ಪೀರ್ ಅಹಮದ್ ಗಂಜಾಂನವರು, ಗಾರೆ ಕೆಲಸದವರ ಮಗ. ಮೈಸೂರಿನ ಕಚೇರಿಯೊಂದರಲ್ಲಿ ಹನ್ನೊಂದು ವರ್ಷ ಬೇರೆಯವರ ಹೆಸರಿನ ಕೆಳಗೆ ಗೆರೆ ಎಳೆದು, ೧೯೮೮ರಲ್ಲಿ ಮನೆಯ ಮುಂಗೋಣೆಯಲ್ಲೇ ಸ್ವಂತ ಬೋರ್ಡು ಹಾಕಿದರು. 'ಕನ್ಸಲ್ಟೆಂಟ್' ಎಂಬುದನ್ನು ಓದಿ ಮೊದಲ ವರ್ಷ ಬಂದವರಲ್ಲಿ ಮಂಡಿನೋವಿನವರೇ ಹೆಚ್ಚು. ಹೆಂಡತಿ ಶಾಹಜಹಾನ್ ಬೇಗಂ ಈಗಲೂ ತಿಂಗಳಿಗೆ ಇಬ್ಬರನ್ನಾದರೂ ಎದುರಿನ ಡಾಕ್ಟರ ಬಳಿಗೆ ಕಳಿಸುತ್ತಾರೆ. ಈ ಎಂಟು ವರ್ಷದಲ್ಲಿ ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ ಸೇರಿ ಇಪ್ಪತ್ತೆರಡು ಟ್ಯಾಂಕು. ಎಲ್ಲಕ್ಕೂ ಓಡಾಟ ಬಸ್ಸಿನಲ್ಲೇ, ನಕ್ಷೆಯ ಕೊಳವೆ ಕಂಕುಳಲ್ಲಿ.

ಅವರದೊಂದು ಅಭ್ಯಾಸ ಉಂಟು. ಗೆರೆ ಎಳೆಯುವ ಮೊದಲು ಜಾಗದ ಹೆಸರು ಕೇಳುತ್ತಾರೆ. ಇಲ್ಲಿ ಮಣ್ಣಿನ ಪರೀಕ್ಷೆ ನಡೆದದ್ದು ಶಾಲೆಯ ಹತ್ತಿರ. ಟ್ಯಾಂಕಿನ ಜಾಗ ಆಮೇಲೆ ಇತ್ತ ಸರಿಯಿತು. ನೋಡಲು ಅಂಗೈಯಷ್ಟು ಸಮ. ಅವರು ಮೊದಲ ಸಲ ಬಂದ ದಿನ ಪಕ್ಕದ ಮನೆಯ ದ್ಯಾವಮ್ಮ ಸಗಣಿ ತಟ್ಟುತ್ತಿದ್ದರು.

"ಇದ್ಕೇನಂತಾರವ್ವ?"

"ಗುಂಡಿಹಿತ್ಲು ಕಣಪ್ಪ."

"ಗುಂಡೀನೇ ಇಲ್ವಲ್ಲ?"

"ನಮ್ಮತ್ತೆ ಕಾಲ್ದಲ್ಲಿ ಊರ್ನೋರೆಲ್ಲ ಗೋಡೆಗೆ ಮಣ್ಣು ತಗೀತಿದ್ದದ್ದು ಇಲ್ಲೇಯ. ಆಮೇಲೆ ಬೂದಿ, ಕಸ ಸುರ್ದು ಸುರ್ದು ಮುಚ್ಚೋಯ್ತು."

ತೋಡಿಸಿದರೆ ಎರಡಾಳು ಆಳದವರೆಗೂ ಬೂದಿ, ಮಡಕೆ ಚೂರು. ಆರೂ ಕಂಬಗಳ ಅಡಿಗೆ ಒಂದೇ ದೊಡ್ಡ ಕಾಂಕ್ರೀಟ್ ಚಪ್ಪಡಿ ಹಾಕಿ ಗಟ್ಟಿ ನೆಲಕ್ಕೆ ಇಳಿಸಬೇಕೆಂದು ಪೀರ್ ಅಹಮದ್ ಹೊಸ ನಕ್ಷೆ ಬರೆದರು. ಹೆಚ್ಚಿನ ಸಿಮೆಂಟಿನ ಖರ್ಚೆಲ್ಲ ಸಿದ್ದರಾಜು ತಲೆ ಮೇಲೆ.

"ಶಾಲೆ ಅತ್ರದ್ ರಿಪೋರ್ಟ್ ಅದಲ್ಲ ಸಾಹೇಬ್ರೆ, ಅದ್ನೇ ಆಕ್ಬುಡಿ" ಎಂದರು ಅವರು.

"ಬೇರೆಯವ್ರ ಸೈನ್ ತಗೊಳ್ಳಿ. ಅಷ್ಟೆ, ನನ್ ಡ್ರಾಯಿಂಗ್ ವಾಪಸ್ ಕೊಡಿ."

ವರ್ಷಕ್ಕೆ ಎರಡು ಟ್ಯಾಂಕು ಕೊಡುವವರಿಗೆ ಆಡುವ ಮಾತಲ್ಲ ಅದು. ಹನ್ನೆರಡು ದಿನ ಗಂಜಾಂಗೆ ಸುದ್ದಿಯಿಲ್ಲ. ಹದಿಮೂರನೇ ದಿನ ಬಾಗಿಲಲ್ಲಿ ಸಿದ್ದರಾಜು, ಅಂಗಿಯೆಲ್ಲ ಬೂದಿ. ತೋಡುವ ಕೆಲಸ ಶುರುವಾಗಿತ್ತು.

"ನಮ್ಮೆಂಗಸ್ರ ತವರು ಅದೇ ಊರು ಸಾಹೇಬ್ರೆ. ಟ್ಯಾಂಕು ವಾಲ್ಕಂಡ್ರೆ ನಾನು ಅಬ್ಬಕ್ಕೆ ಎಂಗೆ ಓಗ್ಲಿ?"

ಈಗ ಐದು ಕಂಬದ ಅಳತೆ ಮುಗಿದಿದೆ. ಆರನೆಯದರ ಮುಂದೆ ಪೀರ್ ಅಹಮದ್ ಕನ್ನಡಕ ಒರೆಸಿ ಮತ್ತೆ ನೋಡುತ್ತಾರೆ. ನೀರು ಗುರುತಿನ ಮೇಲೇ ನಿಂತಿದೆ.

"ಬುಡಿ ನೀರು."

ಸಿದ್ದರಾಜು ಪೈಪು ಅಲ್ಲೇ ಕೈಬಿಟ್ಟು ವಾಲ್ವಿನ ಕಡೆ ಓಡುತ್ತಾರೆ. ದ್ಯಾವಮ್ಮ ಕೊಡ ಹಿಡಿದು ಬಂದಿದ್ದಾರೆ. ಉದ್ಘಾಟನೆಯ ದಿನ ಇನ್ನೂ ಗೊತ್ತಾಗಿಲ್ಲ, ಹೆಸರು ಕೆತ್ತಿದ ಕಲ್ಲು ಮಾತ್ರ ಆಗಲೇ ನಿಂತಿದೆ.

"ಓದ್ಸಿ ಕೇಳ್ದೆ ಕಣಪ್ಪ. ಅದ್ರಲ್ಲಿ ಎಲ್ಲಾರೂ ಅವ್ರೆ, ನೀನೇ ಇಲ್ವಲ್ಲ?"

ಪೀರ್ ಅಹಮದ್ ಪೈಪು ಸುತ್ತಿಕೊಳ್ಳುತ್ತಾರೆ. "ಟ್ಯಾಂಕು ಬಿದ್ರೆ ಮೊದ್ಲು ಉಡುಕೋದು ನನ್ ಎಸ್ರೇ ಕಣವ್ವ. ಉಡುಕ್ದೆ ಇರ್ಲಿ ಬುಡು."