ರೋಸಿನ ದಿನದ ಎಡಗೆನ್ನೆ

ಈಗ ಮುಖದ ನರಕ್ಕೆ ಕತ್ತಿ ಮುಟ್ಟಿಸದೆ, ಹೊರಗಿನಿಂದಲೇ ಕಿರಣ ಹಾಯಿಸಿ ನೋವು ತೆಗೆಯುತ್ತಾರಂತೆ. ನನ್ನ ಹಾಗೆ ನರದ ಹೊದಿಕೆಯೇ ಸವೆಯುವ ಕಾಯಿಲೆ ಇದ್ದವರಿಗೂ ಮಾಡುತ್ತಾರಂತೆ. ಮಾಡಲಿ, ಪುಣ್ಯವಂತರು! ಐವತ್ತರ ದಶಕದ ಕೊನೆಯ ಮಂಗಳೂರಿನಲ್ಲಿ ಕೆನ್ನೆ ನೋವು ಎಂದರೆ ಹಲ್ಲು ಕೀಳುವುದು, ಅಷ್ಟೇ.

ಹಾಗೆ ನನ್ನ ಎರಡು ಗಟ್ಟಿ ದವಡೆ ಹಲ್ಲುಗಳು ಕೊಡಿಯಾಲ್‌ಬೈಲಿನ ದಂತವೈದ್ಯರ ಬಟ್ಟಲು ಸೇರಿದವು. ಹುಳುಕೇ ಇರಲಿಲ್ಲ, ಪಾಪ. ನೋವು ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಬೋಳಾರದ ಹೊಳೆಗಾಳಿ ಎಡಗೆನ್ನೆಗೆ ತಗಲಿದರೆ ಸಾಕು, ಕರೆಂಟು ಹೊಡೆದಂತಾಗಿ ಕೂತಲ್ಲೇ ಕಿರುಚುತ್ತಿದ್ದೆ. ಅದಕ್ಕೂ ಮೊದಲು ಒಂದು ಕಣ್ಣು ಕೆಲವು ವಾರ ಮಂಜಾಗಿ ಸರಿಯಾಗಿತ್ತು, ಕಾಲು ಆಗಾಗ ಜೋಮು ಹಿಡಿಯುತ್ತಿತ್ತು. ಇವೆಲ್ಲ ಒಂದೇ ಕಾಯಿಲೆಯ ಚೇಷ್ಟೆ ಎಂದು ಕಂಡುಹಿಡಿದವರು ದೊಡ್ಡಾಸ್ಪತ್ರೆಯ ಡಾಕ್ಟರು.

ಇಷ್ಟರಲ್ಲಿ ನನ್ನ ಮದುವೆ ಗೊತ್ತಾಗಿತ್ತು. ಹುಡುಗನಿಗೆ ಎಲ್ಲವನ್ನೂ ಹೇಳಿದ್ದೆ. "ನನಗೆ ಗೊರಕೆ ಉಂಟು ಮಾರಾಯ್ತಿ, ಸರಿಗೆ ಸರಿಯಾಯ್ತು," ಎಂದಿದ್ದ. ನನಗೆ ಹೆದರಿಕೆ ಇದ್ದದ್ದು ಮದುವೆಯದ್ದಲ್ಲ, ರೋಸಿನದ್ದು. ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಮದುವೆಯ ಮುನ್ನಾದಿನ ಮದುಮಗಳನ್ನು ಕೂರಿಸಿ, ಬಂದವರೆಲ್ಲ ಕೈಗೆ, ಮುಖಕ್ಕೆ ತೆಂಗಿನ ಹಾಲು ಹಚ್ಚುವುದೇ ರೋಸ್. ಊರಿಗೆ ಊರೇ ಬಂದು ಕೆನ್ನೆ ಉಜ್ಜುವ ಸಂಭ್ರಮ!

"ಮುಖ ಬಿಡುವ, ಕೈಗೆ ಮಾತ್ರ ಹಚ್ಚುವ," ಎಂದಳು ಅಮ್ಮ.

"ಎಂತ ಮಾತು ಅದು? ಮುಖಕ್ಕೆ ರೋಸ್ ಇಲ್ಲದ ಮದುವೆ ಎಲ್ಲಿಯಾದರೂ ಉಂಟಾ?" ದೊಡ್ಡಮ್ಮ ಹಾರಿಬಿದ್ದಳು. ನಿಜ ಹೇಳಬೇಕೆಂದರೆ ನನಗೂ ಬೇಕಿತ್ತು. ಎಲ್ಲ ಹುಡುಗಿಯರ ಹಾಗೆ ತೆಂಗಿನ ಹಾಲಲ್ಲಿ ತೊಯ್ದು ತೊಪ್ಪೆಯಾಗಿ ಕೂರುವ ಆಸೆ.

ಡಾಕ್ಟರ ಬಳಿ ಒಂದು ದಾರಿ ಇತ್ತು. ಕೆನ್ನೆಯೊಳಗೆ ಸೂಜಿ ತೂರಿಸಿ ಆ ನರಕ್ಕೇ ಸ್ಪಿರಿಟ್ ಚುಚ್ಚುವುದು.

"ನೋವು ಹೋಗ್ತದೆ. ಆದರೆ ಆ ಬದಿ ಮುಟ್ಟಿದ್ದೂ ಗೊತ್ತಾಗುವುದಿಲ್ಲ. ಆಲೋಚನೆ ಮಾಡಿ," ಎಂದರು.

"ಆಲೋಚನೆ ಎಂತದ್ದು ಡಾಕ್ಟ್ರೇ, ಚುಚ್ಚಿ!" ಎಂದೆ. ಚುಚ್ಚಿದರು.

ರೋಸಿನ ದಿನ ಮೊದಲು ಹಚ್ಚಬೇಕಾದವಳು ಅಮ್ಮ. ಆದರೆ ನನ್ನ ಕಿರುಚಾಟ ನೋಡಿ ನೋಡಿ ಅವಳ ಕೈ ತಿಂಗಳುಗಟ್ಟಲೆ ಆ ಕೆನ್ನೆಯ ಹತ್ತಿರ ಸುಳಿದಿರಲಿಲ್ಲ. ಬಟ್ಟಲು ಹಿಡಿದವಳು ಹಿಂದೆ ಸರಿದಳು. ದೊಡ್ಡಮ್ಮನೇ ಮುಂದೆ ಬಂದು ಗೋಡೆಗೆ ಸುಣ್ಣ ಬಳಿದಂತೆ ಎರಡು ಕೈಯಲ್ಲೂ ಬಳಿದಳು. ನಾನು ನಕ್ಕೆ. ಆಮೇಲೆ ಕೇಳಬೇಕೆ? ಅತ್ತೆಯರು, ನೆರೆಯವರು, ಹಾಡು, ಗದ್ದಲ. ಯಾವಳೋ ತುಂಟಿ ತಲೆಯ ಮೇಲೆ ಮೊಟ್ಟೆಯನ್ನೂ ಒಡೆದಳು. ನನಗೆ ಸ್ವರ್ಗಕ್ಕೆ ಮೂರೇ ಗೇಣು.

ಎಲ್ಲರದ್ದೂ ಮುಗಿದ ಮೇಲೆ ಅಮ್ಮ ಬಂದಳು. ಎಡಗೆನ್ನೆಯ ಮೇಲೆ ಮೆಲ್ಲಗೆ ಅಂಗೈ ಇಟ್ಟು, ತೆಗೆಯದೆ, "ನೋವುಂಟಾ ಮಗಾ?" ಎಂದಳು.

"ಇಲ್ಲಮ್ಮ."

ಸಂತೋಷಕ್ಕೆ ಅವಳು ಅತ್ತೇಬಿಟ್ಟಳು. ನನಗೂ ಅಳು ಬಂತು. ಅವಳ ಕೈ ಅಲ್ಲಿರುವುದು ಕಣ್ಣಿಗೆ ಕಾಣುತ್ತಿತ್ತೇ ಹೊರತು ಕೆನ್ನೆಗೆ ತಿಳಿಯುತ್ತಿರಲಿಲ್ಲ. ಆ ಕೈಯನ್ನು ಹಿಡಿದು ಬಲಗೆನ್ನೆಗೆ ಒತ್ತಿಕೊಂಡೆ.