ಸೂರತ್ತಿನ ನಾಯಿಗಳಿಗೆ ಕೋಣದ ನಾಲಿಗೆ

ಸೂರತ್ತಿನಲ್ಲಿ ಬಹಳ ರುಚಿ ಬಲ್ಲ ನಾಯಿಗಳಿದ್ದವು. ಭಾನುವಾರ ಬೆಳಗಾದರೆ ಅವಕ್ಕೆ ಕೋಣದ ನಾಲಿಗೆ ಬೇಕು, ಬಾಲ ಬೇಕು, ಕಾಲಿನ ಮೀನಖಂಡ ಬೇಕು. ಒಂದು ನಾಯಿಗೆ ಕೆನ್ನೆಯ ಮಾಂಸ ಮೆಣಸು ಹಾಕಿ ಬೇಯಿಸಿದರಷ್ಟೇ ಸೇರುತ್ತಿತ್ತು. ಇನ್ನೊಂದಕ್ಕೆ ನಲ್ಲಿಮೂಳೆಯ ಸಾರಿಲ್ಲದೆ ನೆಗಡಿ ಇಳಿಯುತ್ತಿರಲಿಲ್ಲ. ಇಷ್ಟು ನಾಜೂಕಿನ ನಾಯಿಗಳನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಅವಕ್ಕೆಂದು ಮಾಂಸ ಕತ್ತರಿಸಿ ಕೊಡುತ್ತಿದ್ದ ದೊಡ್ಡಣ್ಣನೂ ಕಂಡಿರಲಿಲ್ಲ.

ದೊಡ್ಡಣ್ಣ ನಂಜನಗೂಡು ಕಡೆಯ ಒಂದು ಕೇರಿಯವನು. ರೈಲ್ವೆಯ ಡ್ರೈವರು, ಗಾರ್ಡುಗಳು ತಂಗುವ ರನ್ನಿಂಗ್ ರೂಮುಗಳಲ್ಲಿ ಅಡುಗೆ ಮಾಡುತ್ತಾ ಊರಿಂದೂರಿಗೆ ವರ್ಗವಾಗಿ, ಕೊನೆಗೆ ಸೂರತ್ತಿನಲ್ಲಿ ನಿವೃತ್ತನಾದ. ಹೆಂಡತಿ ಪುಟ್ಟತಾಯಿಗೆ ಅಲ್ಲಿಯ ನೆರೆಹೊರೆ ಒಗ್ಗಿತ್ತು. ಇಬ್ಬರೂ ಅಲ್ಲೇ ಉಳಿದರು. ಕೈಕಟ್ಟಿ ಕೂರಲಾರದೆ ಅವನು ಊರಹೊರಗೆ ರುಸ್ತುಮ್‌ಜಿ ಎಂಬ, ಎಲ್ಲರೂ ಬಾವಾಜಿ ಎನ್ನುತ್ತಿದ್ದ ಮುದಿ ಪಾರ್ಸಿಯ ಫಾರ್ಮಿನ ಅಂಗಡಿಗೆ ಕೆಲಸಕ್ಕೆ ಸೇರಿದ. ಎಮ್ಮೆ ಹಾಲು, ತುಪ್ಪ, ಮೊಟ್ಟೆ, ಸೀಸನ್ನಿನಲ್ಲಿ ಮಾವು ಮಾರುವ ಅಂಗಡಿ ಅದು. ಆ ರಾಜ್ಯದಲ್ಲಿ ಹಸು, ಎತ್ತಿನ ತಂಟೆಗೆ ಹೋಗುವಂತಿಲ್ಲ. ಕೋಣಕ್ಕೆ ಅಡ್ಡಿಯಿರಲಿಲ್ಲ. ವಯಸ್ಸಾದ ಕೋಣಗಳನ್ನು ಬಾವಾಜಿ ಸರ್ಕಾರಿ ಕಸಾಯಿಖಾನೆಗೆ ಕಳಿಸಿ, ಮೊಹರು ಬಿದ್ದ ಮಾಂಸವನ್ನು ವಾಪಸು ತರಿಸುತ್ತಿದ್ದ. ತೊಡೆ, ಬೆನ್ನಿನ ಮೆತ್ತನೆಯ ಭಾಗ ದೊಡ್ಡ ಹೋಟೆಲುಗಳಿಗೆ ಹೋಗುತ್ತಿತ್ತು. ಮಿಕ್ಕದ್ದು ಗುಂಡಿಗೆ.

ಆ ಗುಂಡಿಯನ್ನು ನೋಡಿ ದೊಡ್ಡಣ್ಣನ ಹೊಟ್ಟೆ ಉರಿದುಹೋಯಿತು. ನಾಲಿಗೆಯನ್ನು ಗುಂಡಿಗೆ ಹಾಕುವುದೇ? ಅವನ ಮನೆಯಲ್ಲಿ ಬಾಡಿನ ಪಾಲು ಹಾಕಿದ ದಿನ ನಾಲಿಗೆ ಅಜ್ಜಿಯ ತಟ್ಟೆಗೆ. ಅಜ್ಜಿ ಒಂದು ತುಂಡು ಬಾಯಿಗಿಟ್ಟು "ಹೂಂ" ಎನ್ನುವವರೆಗೆ ಮನೆಯಲ್ಲಿ ಯಾರೂ ಉಣ್ಣುವಂತಿರಲಿಲ್ಲ.

"ಬಾವಾಜಿ, ಇದನ್ನ ನನಗೆ ಬಿಡಿ. ನಾನು ಮಾರ್ತೀನಿ."

"ಇದನ್ನಾ? ಯಾರು ತಗೋತಾರೆ ದೀಕರಾ?" ಎಂದ ರುಸ್ತುಮ್‌ಜಿ. ದೀಕರಾ ಎಂದರೆ ಮಗನೇ ಎಂದು. "ಹಿಂದಿನ ಕಿಟಕಿಯಲ್ಲಿ ಮಾರಿಕೋ. ನಡೆದರೆ ಮುಂದೆ ಗಾಜಿನ ಕಪಾಟು ಮಾಡಿಸಿ ಕೊಡ್ತೀನಿ, ತುಪ್ಪದ ಪಕ್ಕದಲ್ಲೇ."

ತುಪ್ಪದ ಪಕ್ಕದಲ್ಲೇ. ದೊಡ್ಡಣ್ಣನಿಗೆ ಆ ಮಾತು ನೆಟ್ಟುಬಿಟ್ಟಿತು. ಹುಟ್ಟಿದಾಗಿನಿಂದ ಅವನು ತಿಂದದ್ದೆಲ್ಲ ಹಿಂಬಾಗಿಲಿನದು, ಊರಾಚೆಯದು, ಮುಚ್ಚಿಟ್ಟದ್ದು. ಅದು ಹಗಲು ಬೆಳಕಿನಲ್ಲಿ, ಗಾಜಿನ ಹಿಂದೆ, ಹೆಸರು ಹೇಳಿಕೊಂಡು ಕೂರುವುದನ್ನು ನೋಡಬೇಕೆಂಬ ಹಟ ಹುಟ್ಟಿತು.

ಕಿಟಕಿಗೆ ಮೊದಲು ಬಂದವರು ಬಾಲಕೃಷ್ಣ. ಬ್ಯಾಂಕಿನಲ್ಲಿ ಆಫೀಸರು, ಸೂರತ್ತಿನ ಕನ್ನಡ ಬಳಗದ ಅಧ್ಯಕ್ಷರು. ಕೊಚ್ಚಿಯಲ್ಲಿ ನೌಕರಿಗಿದ್ದಾಗ ನಾಲಿಗೆಗೆ ಹತ್ತಿದ ರುಚಿ, ಬಿಡಲಾಗಿರಲಿಲ್ಲ. ಕಿಟಕಿಯಲ್ಲಿ ಕನ್ನಡದವನನ್ನು ಕಂಡು ಒಂದು ಕ್ಷಣ ತಡವರಿಸಿದರು.

"ನಾಯಿಗೆ ಕಣಪ್ಪಾ. ಮನೇಲಿ ನಾಯಿ ಇದೆ."

"ಆಯ್ತು ಸಾರ್. ನಾಯಿಗೆ ಬೆಳ್ಳುಳ್ಳಿ ಆಗತ್ತಾ?"

"ಆಗತ್ತೆ. ಖಾರ ಸ್ವಲ್ಪ ಕಮ್ಮಿ."

"ಹಂಗಾದ್ರೆ ಮೊದ್ಲು ಬಿಸಿನೀರಲ್ಲಿ ಬೇಯಿಸಿ ಮೇಲಿನ ಸಿಪ್ಪೆ ಸುಲೀಬೇಕು. ಇಲ್ಲಾಂದ್ರೆ ಪಾಪ, ನಿಮ್ ನಾಯಿ ಬಾಯಿಗೆ ಒರಟಾಯ್ತದೆ."

ಇಬ್ಬರೂ ನಕ್ಕರು. ಅಲ್ಲಿಂದ ಅದೇ ವಾಡಿಕೆಯಾಯಿತು. ಗುಜರಾತಿಗಳು ಬಂದರೆ "ಕೂತರಾ ಮಾಟೆ", ನಾಯಿಗೆ. ಹಿಂದಿಯವರು ಬಂದರೆ "ಕುತ್ತೇ ಕೇ ಲಿಯೇ". ಹೆಲ್ಮೆಟ್ಟು ತೆಗೆಯದೆ ಬರುವವರು, ಸ್ಕೂಟರನ್ನು ಬೇವಿನಮರದಾಚೆ ನಿಲ್ಲಿಸಿ ಬರುವವರು, ಎಲ್ಲರಿಗೂ ನಾಯಿ. ದೊಡ್ಡಣ್ಣ ನಗುತ್ತಾ ಕತ್ತರಿಸಿ ಕೊಟ್ಟ. ಜನಕ್ಕೆ ನಾಚಿಕೆ, ಇರಲಿ, ಕಪಾಟು ಬಂದ ಮೇಲೆ ಸರಿಹೋಗುತ್ತದೆ ಎಂದುಕೊಂಡ. ಅವನು ಮಾಡಿದ ತಪ್ಪು ಅದೊಂದೇ. ತನ್ನ ಅಜ್ಜಿಯ ತಟ್ಟೆಯನ್ನು ನಾಯಿಯ ತಟ್ಟೆ ಎಂದಾಗ ನಕ್ಕುಬಿಟ್ಟ.

ತೊಂಬತ್ತನಾಲ್ಕರಲ್ಲಿ ಪ್ಲೇಗು ಬಂದು ಹೋದ ಮೇಲೆ ಸೂರತ್ತಿನ ರಸ್ತೆಗಳು ಗುರುತು ಸಿಗದಷ್ಟು ಚೊಕ್ಕಟವಾದವು. ಅದು ಒಳ್ಳೆಯದೇ. ಆದರೆ ಕೆಲವರಿಗೆ ಕಸ ಗುಡಿಸಿದ್ದು ಸಾಲದೆ ಮನುಷ್ಯರನ್ನೂ ಗುಡಿಸುವ ಹುಕಿ ಬಂತು. ಫಾರ್ಮಿನ ಹಿಂದೆ, ಆ ಕಿಟಕಿಗೆ ಎದುರಾಗಿ ಹೊಸದಾಗಿ ಎದ್ದ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಜಯಂತಿಭಾಯಿ ಹಿಂಬಾಗಿಲ ಕಿಟಕಿ ಮುಚ್ಚಿಸಬೇಕೆಂದು ಹಟ ಹಿಡಿದ. ಇಲ್ಲದಿದ್ದರೆ ತಮ್ಮ ಮನೆಗಳಿಗೆ ಹಾಲೂ ಬೇಡ, ತುಪ್ಪವೂ ಬೇಡ ಎಂದ. ರುಸ್ತುಮ್‌ಜಿ ಅಂಗಡಿಯ ಜಗುಲಿಯಲ್ಲೇ ಅಪಾರ್ಟ್‌ಮೆಂಟಿನವರನ್ನೂ ಗಿರಾಕಿಗಳನ್ನೂ ಸೇರಿಸಿದ.

ಹಿಂದಿನ ದಿನ ದೊಡ್ಡಣ್ಣನಿಗೆ ಹೇಳಿದ್ದ: "ನಿನ್ನ ಗಿರಾಕಿಗಳಲ್ಲಿ ಒಬ್ಬ ಎದ್ದು ನಿಂತು, ನಾನು ತಿಂತೀನಿ ಅನ್ನಲಿ ಸಾಕು. ನಾಳೆಯೇ ಕಪಾಟಿಗೆ ಬಡಗಿಯನ್ನ ಕರೆಸ್ತೀನಿ."

ದೊಡ್ಡಣ್ಣ ಬಾಲಕೃಷ್ಣರ ಮನೆಗೇ ಹೋಗಿ ಕೇಳಿದ. ಅವರು ಗೇಟಿನಲ್ಲೇ ಹೆಗಲ ಮೇಲೆ ಕೈಯಿಟ್ಟು, "ನಾನಿದೀನಲ್ಲ, ಹೋಗು" ಎಂದರು. ಮನೆಯಲ್ಲಿ ನಾಯಿ ಬೊಗಳಲಿಲ್ಲ.

ಜಗುಲಿ ತುಂಬಿತ್ತು. ಅರ್ಧಕ್ಕರ್ಧ ಮುಖಗಳು ಭಾನುವಾರದ ಮುಖಗಳೇ. ಬಾವಾಜಿ ಕೇಳಿದ, "ಇಲ್ಲಿ ತಿನ್ನೋರು ಯಾರಿದ್ದೀರಿ? ಹೇಳಿ, ಕಿಟಕಿ ಇರತ್ತೆ."

ಎಲ್ಲರೂ ಎಮ್ಮೆಗಳನ್ನು ನೋಡತೊಡಗಿದರು. ಕಿರೀಟ ಇಳಿಸಿ ಎಂದರೆ ಅಳುಕಲಿ, ಕುರ್ಚಿ ಬಿಡಿ ಎಂದರೆ ಅಳುಕಲಿ. ಉಂಡದ್ದನ್ನು ಉಂಡೆ ಎನ್ನಲು ಏನು ಧಾಡಿ? ಕಾನೂನು ಬೇಡವೆನ್ನದ ಊಟ, ಅದನ್ನು ತಿಂದು ಬಾಯಿ ಒರೆಸಿಕೊಂಡು ಬಂದ ಜನ.

ದೊಡ್ಡಣ್ಣ ತಾನೇ ಎದ್ದ. "ನಾನು ತಿಂತೀನಿ" ಎಂದ.

ಜಯಂತಿಭಾಯಿ ತಿರುಗಿಯೂ ನೋಡಲಿಲ್ಲ. "ನಿನ್ನ ವಿಷಯ ಬೇರೆ, ಭಾಯಿ. ಇಲ್ಲಿ ಜನರನ್ನ ಕೇಳ್ತಾ ಇರೋದು."

ಆ ಮಾತಿಗೆ ಒಬ್ಬರೂ ಹುಬ್ಬೇರಿಸಲಿಲ್ಲ. ಆಗ ಬಾಲಕೃಷ್ಣ ಎದ್ದರು. ದೊಡ್ಡಣ್ಣನ ಎದೆ ಹಗುರಾಯಿತು. ಬಾಲಕೃಷ್ಣ ಗಂಟಲು ಸರಿಮಾಡಿಕೊಂಡು, ಸಭೆಗಳಲ್ಲಿ ಮಾತಾಡಿ ಪಳಗಿದ ಹಿಂದಿಯಲ್ಲಿ ಹೇಳಿದರು: "ಗಲಾಟೆ ಯಾಕೆ? ಮನುಷ್ಯರು ಯಾರೂ ಇಲ್ಲಿ ಕೊಳ್ಳೋದಿಲ್ಲ. ನಾಯಿಗಳಿಗೆ ಅಂತ ಒಂದು ಬೋರ್ಡು ಹಾಕಿಬಿಡಿ. ಯಾರ ಮನಸ್ಸಿಗೂ ನೋವಿಲ್ಲ."

ಎಲ್ಲರಿಗೂ ಸಮಾಧಾನವಾಯಿತು. ಚಹಾ ಬಂತು. ಹೋಗುವಾಗ ಬಾಲಕೃಷ್ಣ ದೊಡ್ಡಣ್ಣನ ಕಿವಿಯ ಹತ್ತಿರ ಬಂದು ಕನ್ನಡದಲ್ಲಿ, "ನೋಡಿದ್ಯಾ, ಉಳಿಸಿಕೊಟ್ಟೆ. ಭಾನುವಾರ ನಾಲಿಗೆ ಎತ್ತಿಟ್ಟಿರು" ಎಂದರು.

ಮಾರನೆಯ ದಿನ ಬೋರ್ಡು ಬಂತು. ಗುಜರಾತಿಯಲ್ಲಿ, ಕೆಂಪು ಬಣ್ಣದಲ್ಲಿ: ನಾಯಿಗಳಿಗೆ ಮಾತ್ರ.

"ಹಾಕ್ತೀಯಾ ಅದನ್ನ?" ಎಂದು ಕೇಳಿದಳು ಪುಟ್ಟತಾಯಿ, ಬುತ್ತಿ ತಂದವಳು.

"ಹಾಕ್ತೀನಿ. ಬರ್ದಿರೋದನ್ನ ನಡಸ್ತೀನಿ ಕೂಡ."

"ಯಾಪಾರ ಹೊಂಟೋಯ್ತದೆ ಕನಾ."

"ಹೋಗ್ಲಿ ಬುಡು. ನಮ್ಮಜ್ಜಿ ಏನ್ ನಾಯಾ?"

ಭಾನುವಾರ ಮೊದಲು ಬಂದ ಹೆಲ್ಮೆಟ್ಟಿಗೆ ದೊಡ್ಡಣ್ಣ ಬೋರ್ಡು ತೋರಿಸಿ ಕೇಳಿದ, ನಾಯಿ ಎಲ್ಲಿ? ಮನೆಯಲ್ಲಿದೆ. ಕರೆದುಕೊಂಡು ಬನ್ನಿ. ತಮಾಷೆ ಮಾಡ್ತೀಯಾ? ಇಲ್ಲ, ಬೋರ್ಡಿನಲ್ಲಿದೆ. ಒಬ್ಬರ ಹಿಂದೊಬ್ಬರು ಗೊಣಗುತ್ತಾ ಬರಿಗೈಯಲ್ಲಿ ತಿರುಗಿದರು. ಬಾಲಕೃಷ್ಣರೂ ತಿರುಗಿದರು. ಆದರೆ ಸ್ವಲ್ಪ ಹೊತ್ತಿಗೆ ವಾಪಸು ಬಂದರು. ಬೀದಿಯ ಕುಂಟುನಾಯಿಯೊಂದಕ್ಕೆ ಬಿಸ್ಕತ್ತು ತೋರಿಸಿ, ಕುತ್ತಿಗೆಗೆ ಸುತಳಿ ಕಟ್ಟಿ ಎಳೆದು ತಂದಿದ್ದರು. ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆಲ್ಲ ಕೆಸರಿನ ಕಾಲು.

"ಇಗೋ ನಾಯಿ. ಕೊಡು ಈಗ."

ದೊಡ್ಡಣ್ಣ ಎತ್ತಿಟ್ಟಿದ್ದ ನಾಲಿಗೆ ತೆಗೆದ. ಕಾಗದ ಸುತ್ತಲಿಲ್ಲ. ಕಿಟಕಿಯಿಂದ ಹೊರಗೆ ಬಂದು, ತುಂಡು ಮಾಡಿ, ನಾಯಿಯ ಮುಂದೆ ಇಟ್ಟ. ನಾಯಿ ಒಮ್ಮೆ ಇಬ್ಬರ ಮುಖವನ್ನೂ ನೋಡಿ ತಿನ್ನತೊಡಗಿತು. ಬಾಲಕೃಷ್ಣ ಎಂಜಲು ನುಂಗಿದರು.

"ದೊಡ್ಡಣ್ಣ," ಎಂದರು ಮೆಲ್ಲಗೆ. "ನಂಗೆ ಕಣೋ. ನಾನು ತಿನ್ನೋಕೆ. ಗೊತ್ತಲ್ಲ ನಿಂಗೆ."

"ಕೇಳಿಸ್ಲಿಲ್ಲ ಸಾರ್. ಅವತ್ತು ಜಗಲಿ ಮೇಲೆ ಎಲ್ಲಾರ್ಗೂ ಕೇಳಂಗೆ ಹೇಳಿದ್ರಲ್ಲ, ಹಂಗೆ ಹೇಳಿ. ಇನ್ನೊಂದು ನಾಲಿಗೆ ಒಳಗದೆ."

ಬಾಲಕೃಷ್ಣ ಎದುರಿನ ಅಪಾರ್ಟ್‌ಮೆಂಟಿನ ಬಾಲ್ಕನಿಗಳತ್ತ ಕಣ್ಣಾಡಿಸಿದರು. ಜಯಂತಿಭಾಯಿ ಅಲ್ಲಿ ಪೇಪರು ಓದುತ್ತಾ ಕೂತಿದ್ದ. ಬಾಲಕೃಷ್ಣ ಸುತಳಿಯನ್ನು ಕೆಳಗೆ ಬಿಟ್ಟು, ಪ್ಯಾಂಟು ಒದರಿಕೊಂಡು ಹೊರಟುಹೋದರು.

ಹೀಗೇ ಕೆಲವು ಭಾನುವಾರ ನಡೆಯಿತು. ಗಿರಾಕಿಗಳು ನಿಂತುಹೋದರು. ರುಸ್ತುಮ್‌ಜಿ ಕಿಟಕಿ ಮುಚ್ಚಿಸಿದ. ಬೈಯಲಿಲ್ಲ, ಕಪಾಟಿನ ಮಾತನ್ನೂ ಎತ್ತಲಿಲ್ಲ. ದೊಡ್ಡಣ್ಣ ಹಾಲಿನ ಕ್ಯಾನು ತೊಳೆಯುವ ಕೆಲಸಕ್ಕೆ ನಿಂತ. ಮಾಂಸ ಬಂದ ದಿನ ನಾಲಿಗೆಯನ್ನು ಕೇಳಿ ಮನೆಗೆ ಒಯ್ಯುತ್ತಿದ್ದ, ಹಗಲು ಹೊತ್ತಿನಲ್ಲಿ, ಮುಂಬಾಗಿಲಿನಿಂದ. ಜಯಂತಿಭಾಯಿ ಎದುರಾದರೆ ಚೀಲ ಎತ್ತಿ ತೋರಿಸಿ, "ಮನುಷ್ಯರಿಗೆ" ಎನ್ನುತ್ತಿದ್ದ.

ಮನೆಯಲ್ಲಿ ಪುಟ್ಟತಾಯಿ ಮೊದಲ ತುಂಡನ್ನು ಅವನ ತಟ್ಟೆಗೆ ಹಾಕಿ ಕಾಯುತ್ತಿದ್ದಳು. ಆ ಮನೆಗೆ ಈಗ ಅವನೇ ಹಿರಿಯ. ಅವನು ಬಾಯಿಗಿಟ್ಟು, ನಿಧಾನವಾಗಿ ಅಗಿದು, "ಹೂಂ" ಎನ್ನುವವರೆಗೆ ಅವಳು ತನ್ನ ತಟ್ಟೆಗೆ ಬಡಿಸಿಕೊಳ್ಳುತ್ತಿರಲಿಲ್ಲ.