ಮಲ್ಲಾಬಾಯಿ ಮತ್ತು ಇಳಿಯದ ಬಾವು

ನಾರಾಯಣಪುರದ ಮಲ್ಲಾಬಾಯಿ ಕೆಂಭಾವಿ ಸಂತೆಯಲ್ಲಿ ಮೀನು ಮಾರಲು ಕೂತರೆ ಅವಳ ಕೂಗು ಬಳೆಗಾರರ ಸಾಲಿನ ತನಕ ಕೇಳುತ್ತಿತ್ತು. ನಲವತ್ತೆಂಟನೇ ವಯಸ್ಸಿನಲ್ಲಿ ಆ ಬಾಯಿ ಒಣಗತೊಡಗಿತು. ರೊಟ್ಟಿಯ ತುತ್ತುತುತ್ತಿಗೂ ನೀರು ಬೇಕು. ಕಣ್ಣಲ್ಲಿ ಮರಳು ಬಿದ್ದಂಥ ಉರಿ. ಎರಡು ವರ್ಷದಲ್ಲಿ ಐದು ಹಲ್ಲು ಹೋದವು.

“ಬಾಯಿ ಒಣಗೂದೂ ಒಂದು ಬ್ಯಾನಿ ಏನಬೇ?” ಎಂದು ನೆಗೆಣ್ಣಿ ಸೂಗಮ್ಮ ನಕ್ಕಳು.

ಕಲಬುರಗಿಯ ಡಾಕ್ಟರ್ ಅಬ್ರಾರ ನಗಲಿಲ್ಲ. ರಕ್ತ ನೋಡಿ, ತುಟಿಯ ಒಳಗಿಂದ ಚೂರು ತೆಗೆದು ಪರೀಕ್ಷೆ ಮಾಡಿಸಿ, ಎದುರಿಗೆ ಕೂರಿಸಿಕೊಂಡು ಹೇಳಿದರು: “ನೋಡ್ರಿ ಅಕ್ಕಾ, ಮನಿ ಕಾಯೋ ನಾಯಿನೇ ಮನಿಯವರಿಗೆ ಕಚ್ಚಾಕತ್ತದ. ನಿಮ್ಮ ಮೈಯಾಗಿನ ಕಾವಲೇ ಜೊಲ್ಲಿನ ಗ್ರಂಥಿ, ಕಣ್ಣೀರಿನ ಗ್ರಂಥಿ ತಿನ್ನಾಕತ್ತದ. ಇದರಿಂದ ಜೀವಕ್ಕೇನಿಲ್ಲ. ಆದ್ರ ನೂರು ಮಂದ್ಯಾಗ ಐದಾರು ಮಂದಿಗೆ ಮುಂದ ಅಲ್ಲೇ ಕ್ಯಾನ್ಸರ್ ಹುಟ್ಟತದ. ಕಿವಿ ಕೆಳಗ ಬಾವು ಬಂದು ಇಳೀಲಿಲ್ಲಂದ್ರ ತಡ ಮಾಡಬ್ಯಾಡ್ರಿ.”

ಅಂದಿನಿಂದ ಪ್ರತಿ ಸೋಮವಾರ ಅವಳು ಎರಡೂ ಕಿವಿಯ ಕೆಳಗೆ ಬೆರಳಾಡಿಸಿ ನೋಡುವಳು. ಬಾವು ಬರುತ್ತಿತ್ತು, ವಾರದಲ್ಲಿ ಇಳಿಯುತ್ತಿತ್ತು. ಆರನೇ ವರ್ಷ ಎಡಗಡೆ ಬಂದದ್ದು ತಿಂಗಳಾದರೂ ಇಳಿಯಲಿಲ್ಲ. ನೋವಿಲ್ಲ, ಗಜ್ಜುಗದಂತೆ ಗಟ್ಟಿ.

“ಮಂಗನಬಾವು ಇರಬೇಕು,” ಎಂದ ಗಂಡ ಅಯ್ಯಣ್ಣ. “ಡ್ಯಾಮ್ ತುಂಬ್ಯದ, ಮೀನು ಬೀಳಾಕತ್ತಾವ. ಹಂಗಾಮ ಮುಗೀಲಿ.”

“ನೀ ಮೀನು ಹಿಡಿ. ನಾ ಬಸ್ ಹಿಡೀತೀನಿ.”

ಗಂಟಿನ ಚೂರು ತೆಗೆದು ನೋಡಿದಾಗ ಅದು ಡಾಕ್ಟರ್ ಹೇಳಿದ್ದ ಕ್ಯಾನ್ಸರೇ, ಲಿಂಫೋಮಾ ಆಗಿತ್ತು. ಮಲ್ಲಾಬಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅಳೋಣವೆಂದರೆ ಕಣ್ಣಲ್ಲಿ ನೀರೇ ಬರಲಿಲ್ಲ.

“ಅದು ಗ್ರಂಥಿ ಬಿಟ್ಟು ಹೊರಗ ಬಂದಿಲ್ಲ ಅಕ್ಕಾ,” ಎಂದರು ಅಬ್ರಾರ. “ಅದಕ್ಕಿಂತ ಮೊದಲ ನೀವು ಬಂದೀರಿ.”

ಆರು ತಿಂಗಳು ಸಲಾಯಿನ್ ಜೊತೆ ಔಷಧ ಹರಿಯಿತು. ಅಯ್ಯಣ್ಣ ಮೀನಿನ ಹಂಗಾಮ ಬಿಟ್ಟು ಪ್ರತಿ ಸಲ ಜೊತೆಗೆ ಬಂದ, ವಾರ್ಡಿನ ಬೆಂಚಿನ ಮೇಲೆ ಕೂತು ಬಲೆ ಹೆಣೆದ. ಕೊನೆಯ ಸ್ಕ್ಯಾನಿನಲ್ಲಿ ಗಂಟಿನ ಗುರುತೂ ಇರಲಿಲ್ಲ.

ಬಾಯಿ ಒಣಗುವುದು ನಿಂತಿಲ್ಲ. ಮೀನಿನ ಬುಟ್ಟಿಯ ಪಕ್ಕ ನೀರಿನ ಬಾಟಲಿ ಇದ್ದೇ ಇರುತ್ತದೆ. ಎರಡು ವರ್ಷದ ಮೇಲೆ ಸಂತೆಯಲ್ಲಿ ಬಳೆ ಮಾರುವ ಅರ್ಜುಮಂದ ಎಂಬ ಹೆಂಗಸು ಭಜಿಯ ಪ್ರತಿ ತುಣುಕಿಗೂ ನೀರು ಕುಡಿಯುವುದು ಮಲ್ಲಾಬಾಯಿಯ ಕಣ್ಣಿಗೆ ಬಿತ್ತು. ಹೋಗಿ ಅರ್ಜುಮಂದಳ ಕಿವಿಯ ಕೆಳಗೆ ಮುಟ್ಟಿ ನೋಡಿದಳು.

“ನಾಳಿ ಮುಂಜಾನಿ ಬಸ್‌ಸ್ಟ್ಯಾಂಡಿಗೆ ಬಾ.”

“ಅಂಗಡಿ ಯಾರು ನೋಡ್ಬೇಕು ಅಕ್ಕಾ?”

“ನಮ್ಮ ಅಯ್ಯಣ್ಣ ನೋಡ್ತಾನ. ಬಳಿ ಮಾರೋದು ಕಲೀಲಿ.”

ಮರುದಿನ ಕಲಬುರಗಿ ಬಸ್ಸಿನಲ್ಲಿ ಮಲ್ಲಾಬಾಯಿ ಕಿಟಕಿಯ ಸೀಟು ಅರ್ಜುಮಂದಳಿಗೆ ಬಿಟ್ಟುಕೊಟ್ಟು, ಇಡೀ ಬಸ್ಸಿಗೆ ಕೇಳುವ ಹಾಗೆ ತನ್ನ ಕಥೆ ಹೇಳುತ್ತ ಹೋದಳು.